ಬಫರ್: ಲೆಕ್ಕ ಒಂದು ಹೇಳುತ್ತೆ, ಮೀಟರ್ ಇನ್ನೊಂದು ಹೇಳುತ್ತೆ

"ಮ್ಯಾಮ್, ಫಾಸ್ಫೇಟ್ ಬಫರ್ ಫಾರ್ಮುಲಾ ಹಾಕೇ ಮಾಡಿದ್ದು. ಪಿಎಚ್ 7.4 ಬರಬೇಕಿತ್ತು. ಮೀಟರ್ 7.05 ತೋರಿಸ್ತಾ ಇದೆ. ಮೀಟರ್ ಕೆಟ್ಟಿದೆಯಾ?"

ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಬಫರ್ ಅಂದರೆ ಸ್ವಲ್ಪ ಆಸಿಡ್ ಅಥವಾ ಬೇಸ್ ಬಿದ್ದರೂ ಪಿಎಚ್ (ಹುಳಿ–ಕ್ಷಾರದ ಅಳತೆ) ಹೆಚ್ಚು ಅಲುಗದಂತೆ ಹಿಡಿದಿಡುವ ದ್ರಾವಣ. ಹೊಸ ಬ್ಯಾಚ್ ಲ್ಯಾಬಿಗೆ ಕಾಲಿಟ್ಟ ಸ್ವಲ್ಪ ದಿನಕ್ಕೇ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ನನಗೆ ತುಂಬ ಇಷ್ಟವಾಗುವ ಪ್ರಶ್ನೆ ಇದು. ಕೇಳಿದವಳು ಲೆಕ್ಕ ಹಾಕಿದ್ದಾಳೆ, ಮೀಟರೂ ನೋಡಿದ್ದಾಳೆ, ಎರಡೂ ಹೊಂದುತ್ತಿಲ್ಲ ಅಂತ ಗಮನಿಸಿದ್ದಾಳೆ. ಎಷ್ಟೋ ಜನ ಇಷ್ಟು ಮಾಡುವುದಿಲ್ಲ. ಥಿಯರಿ ಪರೀಕ್ಷೆಯಲ್ಲಿ ಬಫರಿನ ಪಿಎಚ್ ಲೆಕ್ಕ ಹಾಕುವ ಹೆಂಡರ್ಸನ್–ಹ್ಯಾಸಲ್‌ಬಾಲ್ಕ್ ಸಮೀಕರಣ ಬರೆದು ಮಾರ್ಕ್ಸ್ ತಗೊಳ್ಳುತ್ತಾರೆ, ಲ್ಯಾಬಿಗೆ ಬಂದರೆ ಅದನ್ನು ಪೂರ್ತಿ ಮರೆತು ಪುಡಿ ತೂಗಿ ನೀರಿಗೆ ಹಾಕಿ, ಮೀಟರ್ ನೋಡಿಕೊಂಡು ಆಸಿಡ್ ಸುರಿಯುತ್ತಾರೆ. ಪಿಎಚ್ ಸರಿ ಬಂತು, ಬಫರ್ ಆಯಿತು ಅಂದುಕೊಳ್ಳುತ್ತಾರೆ.

ಆಗಿರುವುದಿಲ್ಲ. ಪಿಎಚ್ ಸರಿ ಇದ್ದೂ ಬಫರ್ ತಪ್ಪಾಗಿರಬಹುದು. ಲೆಕ್ಕ ಮೀಟರನ್ನು ಚೆಕ್ ಮಾಡಬೇಕು, ಮೀಟರ್ ಲೆಕ್ಕವನ್ನು ಚೆಕ್ ಮಾಡಬೇಕು. ಎರಡೂ ಒಪ್ಪದಿದ್ದರೆ ಕೈ ನಿಲ್ಲಿಸಿ, ಕಾರಣ ಹುಡುಕಿ. ಈ ಪೋಸ್ಟಿನಲ್ಲಿ ನಾನು ಹೇಳಬೇಕಾಗಿರುವುದು ಇಷ್ಟೇ, ಆದರೆ ಉದಾಹರಣೆ ಇಲ್ಲದೆ ಇದು ಯಾರಿಗೂ ಹತ್ತುವುದಿಲ್ಲ.

ಸುಲಭದ್ದರಿಂದ ಶುರು ಮಾಡೋಣ. ನಮ್ಮಲ್ಲಿ ಮೊಳಕೆ ರಾಗಿಯಿಂದ ಅಮೈಲೇಸ್ (ಪಿಷ್ಟ ಒಡೆಯುವ ಎನ್ಜೈಮ್) ತೆಗೆಯುವ ಪ್ರಯೋಗ ಇದೆ. ಮದ್ದೂರು, ಮಳವಳ್ಳಿ ಕಡೆಯ ಮಕ್ಕಳು ಮನೆಯಿಂದಲೇ ರಾಗಿ ತರುತ್ತಾರೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ತಣ್ಣಗಿನ ಬಫರ್ ಹಾಕಿ ಅರೆದು ಸೋಸುವುದು. ಇದಕ್ಕೆ 50 ಮಿಲಿಮೋಲಾರ್ ಅಸಿಟೇಟ್ ಬಫರ್ ಬೇಕು, ಪಿಎಚ್ 5.0. ಅಸಿಟೇಟೇ ಯಾಕೆ? ಆಲ್ಫಾ ಅಮೈಲೇಸ್ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಸಿಟ್ರೇಟ್ ಹಾಕಿದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಬಿಡುತ್ತದೆ, ಫಾಸ್ಫೇಟ್ ಜಾಸ್ತಿ ಇದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಷ್ಟಾಗಿ ತಳಕ್ಕೆ ಕೂರುತ್ತದೆ. ಅಸಿಟೇಟಿಗೆ ಆ ತಂಟೆ ಇಲ್ಲ. ಅದರ ಪಿಕೆಎ (ಆಸಿಡ್ ರೂಪ, ಬೇಸ್ ರೂಪ ಎರಡೂ ಸಮ ಇರುವ ಪಿಎಚ್) 4.76, ನಮಗೆ ಬೇಕಾದ 5.0ಕ್ಕೆ ಹತ್ತಿರವೇ ಇದೆ.

ಸಮೀಕರಣ ಎಲ್ಲರಿಗೂ ಗೊತ್ತು: ಪಿಎಚ್ = ಪಿಕೆಎ + ಲಾಗ್ (ಬೇಸ್ ÷ ಆಸಿಡ್). ಹೆಂಡರ್ಸನ್ 1908ರಲ್ಲಿ ರಕ್ತದ ಕಾರ್ಬಾನಿಕ್ ಆಸಿಡ್ ಬಗ್ಗೆ ಕೆಲಸ ಮಾಡುವಾಗ ಇದರ ಮೂಲ ರೂಪ ಬರೆದ. ಅಷ್ಟರಲ್ಲಿ, 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ಸೊರೆನ್‌ಸೆನ್ ಪಿಎಚ್ ಅನ್ನುವ ಅಳತೆ ತಂದ. ಆಮೇಲೆ ಹ್ಯಾಸಲ್‌ಬಾಲ್ಕ್ ಎರಡನ್ನೂ ಸೇರಿಸಿ ಲಾಗ್ ರೂಪ ಕೊಟ್ಟ. ಎಲ್ಲ ಒಂದು ಹತ್ತು ವರ್ಷದೊಳಗೆ ಆದ ಕೆಲಸ.

ಈಗ ಲೆಕ್ಕ. 5.0ರಲ್ಲಿ 4.76 ಕಳೆದರೆ 0.24. ಅದರ ಆಂಟಿಲಾಗ್ 1.74. ಅಂದರೆ ಆಸಿಡ್ 1 ಪಾಲಿದ್ದರೆ ಬೇಸ್ 1.74 ಪಾಲು. ಒಟ್ಟು 50 ಮಿಲಿಮೋಲನ್ನು ಈ ಪ್ರಮಾಣದಲ್ಲಿ ಹಂಚಿದರೆ ಅಸಿಟೇಟ್ 31.7, ಅಸಿಟಿಕ್ ಆಸಿಡ್ 18.3. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟಿನ ಮಾಲಿಕ್ಯೂಲರ್ ವೇಟ್ 136.08, ಆದ್ದರಿಂದ ಲೀಟರಿಗೆ 4.32 ಗ್ರಾಂ. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಸುಮಾರು 17.4 ಮೋಲಾರ್ ಇರುತ್ತದೆ, ಅಂದರೆ 1.05 ಮಿಲಿ ಸಾಕು. ಇಷ್ಟು ಹಾಕಿ ಮೀಟರ್ ಇಟ್ಟರೆ 4.9 ಆಸುಪಾಸಿನಲ್ಲಿ ನಿಲ್ಲುತ್ತದೆ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 2 ಮಿಲಿ ಹಾಕಿದರೆ 5.0 ಬರುತ್ತದೆ. ಅಷ್ಟು ವ್ಯತ್ಯಾಸ ಸಹಜ.

ಹಾಗಾದರೆ ಫಾಸ್ಫೇಟಿನಲ್ಲಿ ಯಾಕೆ 0.35ರಷ್ಟು ಕೆಳಗೆ ಹೋಯಿತು?

ಆ ಹುಡುಗಿಯ ನೋಟ್‌ಬುಕ್ ತೆಗೆಸಿ ನೋಡಿದೆ. 0.1 ಮೋಲಾರ್ ಸೋಡಿಯಂ ಫಾಸ್ಫೇಟ್, ಪಿಎಚ್ 7.4, ಒಂದು ಲೀಟರ್. ಪಿಕೆಎ 7.2 ಹಾಕಿದ್ದಳು. ಬೇಸ್ 61.3 ಮಿಲಿಮೋಲ್, ಆಸಿಡ್ 38.7. ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 8.70 ಗ್ರಾಂ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಡೈಹೈಡ್ರೇಟ್ 6.04 ಗ್ರಾಂ. ಲೆಕ್ಕದಲ್ಲಿ ಒಂದು ಚೂರೂ ತಪ್ಪಿಲ್ಲ. ತಪ್ಪು ಇರುವುದು 7.2ರಲ್ಲಿ.

ಪುಸ್ತಕದ ಹಿಂದಿನ ಟೇಬಲ್ಲಿನಲ್ಲಿ ಕೊಡುವ 7.2 ಅನ್ನುವುದು ದ್ರಾವಣ ಅತಿ ತೆಳ್ಳಗಿದ್ದಾಗಿನ ಬೆಲೆ, ಅಂದರೆ ಅಯಾನುಗಳು ಒಂದಕ್ಕೊಂದು ತಗಲದಷ್ಟು ದೂರ ಇರುವಾಗಿನದು. 0.1 ಮೋಲಾರಿನಲ್ಲಿ ಹಾಗಿರುವುದಿಲ್ಲ. ಸುತ್ತ ಸೋಡಿಯಂ ಅಯಾನುಗಳು ತುಂಬಿಕೊಂಡಿರುತ್ತವೆ. ಎರಡು ನೆಗೆಟಿವ್ ಚಾರ್ಜ್ ಇರುವ ಫಾಸ್ಫೇಟಿಗೆ ಅದು ಅನುಕೂಲ, ಒಂದೇ ಚಾರ್ಜ್ ಇರುವುದಕ್ಕೆ ಅಷ್ಟು ಅನುಕೂಲ ಇಲ್ಲ. ಹಾಗಾಗಿ ಪ್ರೋಟಾನ್ ಬಿಟ್ಟುಕೊಡುವುದು ಸುಲಭವಾಗುತ್ತದೆ, ಪಿಕೆಎ ಕೆಳಗಿಳಿದು 6.85ರ ಹತ್ತಿರ ಬರುತ್ತದೆ. ಅಸಿಟಿಕ್ ಆಸಿಡಿಗೆ ಚಾರ್ಜೇ ಇಲ್ಲ, ಅಸಿಟೇಟಿಗೆ ಒಂದೇ ಚಾರ್ಜ್. ಅಯಾನುಗಳು ಒಂದರ ಮೇಲೊಂದು ಮಾಡುವ ಪರಿಣಾಮ ಅಳೆಯುವ ಡಿಬೈ–ಹ್ಯೂಕೆಲ್ ಲೆಕ್ಕದ ಪ್ರಕಾರ ಫಾಸ್ಫೇಟಿನಲ್ಲಿ ಈ ಪರಿಣಾಮ ಅದರ ಮೂರು ಪಟ್ಟು. ಅಲ್ಲಿ ಸ್ವಲ್ಪ, ಇಲ್ಲಿ ಜಾಸ್ತಿ ಆಗಿದ್ದು ಇದಕ್ಕೇ. 6.85 ಹಾಕಿ ನೋಡಿದರೆ ಅವಳ ಬಫರ್ 7.05 ಬರಲೇಬೇಕು. ಬಂದಿದೆ. ಮೀಟರ್ ಚೆನ್ನಾಗೇ ಇದೆ.

ಹಳೇ ಲ್ಯಾಬ್ ಟೇಬಲ್‌ಗಳಲ್ಲಿ 7.4ಕ್ಕೆ ಬೇಸ್ 77.4 ಪಾಲು, ಆಸಿಡ್ 22.6 ಪಾಲು ಅಂತ ಇರುತ್ತದೆ. 0.1 ಮೋಲಾರಿನಲ್ಲಿ ನಿಜವಾಗಿ ಅಳೆದು ಬರೆದ ಬೆಲೆ ಅದು. ಸಮೀಕರಣದಿಂದ ಬಂದ 61–39ಕ್ಕೂ ಇದಕ್ಕೂ ತಾಳೆ ಆಗದಿದ್ದರೆ ಗಾಬರಿ ಬೇಡ. ಟೇಬಲ್ ಪ್ರಕಾರ ತೂಗಿದರೆ 10.99 ಗ್ರಾಂ ಮತ್ತು 3.53 ಗ್ರಾಂ. ಮೀಟರ್ ಹೆಚ್ಚೂ ಕಡಿಮೆ 7.4 ತೋರಿಸುತ್ತದೆ.

ಇದೇ ಕಾರಣಕ್ಕೆ 10 ಪಟ್ಟು ಗಟ್ಟಿ ಇರುವ ಪಿಬಿಎಸ್ (ಫಾಸ್ಫೇಟ್ ಜೊತೆ ಉಪ್ಪು ಇರುವ ಬಫರ್) ಸ್ಟಾಕಿನ ಪಿಎಚ್ ನೋಡಿ ಮಕ್ಕಳು ಹೆದರುತ್ತಾರೆ. ಅದು 6.8 ಆಸುಪಾಸು ತೋರಿಸುತ್ತದೆ. ಅದನ್ನು ಹಾಗೇ ಬಿಡಿ. ನೀರು ಹಾಕಿ 1 ಪಟ್ಟಿಗೆ ತಂದಾಗ ಪಿಎಚ್ ತಾನಾಗೇ 7.4ರ ಹತ್ತಿರ ಏರುತ್ತದೆ. ಸ್ಟಾಕಿನಲ್ಲೇ 7.4 ಮಾಡಿಟ್ಟರೆ ಡೈಲ್ಯೂಟ್ ಮಾಡಿದಾಗ ಇನ್ನೂ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಟೇಬಲ್ ನೋಡಿ 10.99 ಗ್ರಾಂ ತೂಗಿದ ಇನ್ನೊಬ್ಬ ಹುಡುಗನ ಬೀಕರಿನಲ್ಲೂ ಮೀಟರ್ 7.05ರ ಹತ್ತಿರವೇ ತೋರಿಸಬಹುದು, ಕಾರಣ ಪೂರ್ತಿ ಬೇರೆ. ಅವನು ಶೆಲ್ಫಿನಿಂದ ತೆಗೆದ ಬಾಟಲಿ ನೀರಿಲ್ಲದ ಡೈಸೋಡಿಯಂ ಫಾಸ್ಫೇಟ್ ಆಗಿರದೆ ಡೋಡೆಕಾಹೈಡ್ರೇಟ್ ಆಗಿದ್ದರೆ ಹೀಗಾಗುತ್ತದೆ. ನೀರಿಲ್ಲದ್ದರ ಮಾಲಿಕ್ಯೂಲರ್ ವೇಟ್ 141.96, 12 ನೀರು ಸೇರಿದ್ದಕ್ಕೆ 358.14. ಹೆಸರು ಒಂದೇ, ಬಣ್ಣ ಒಂದೇ, ಎರಡೂ ಬಿಳಿ. ಅದೇ 10.99 ಗ್ರಾಂ ಹಾಕಿದರೆ ಬೇಕಾದ್ದರ 40 ಪರ್ಸೆಂಟ್ ಮಾತ್ರ ಒಳಗೆ ಹೋಗುತ್ತದೆ. ಪಿಎಚ್ ಕಡಿಮೆ ಬಂತಲ್ಲ ಅಂತ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 7.4ಕ್ಕೆ ತರುತ್ತಾನೆ. ಮೀಟರ್ ಖುಷಿ, ಹುಡುಗನೂ ಖುಷಿ. ಬಾಟಲಿ ಮೇಲೆ 0.1 ಮೋಲಾರ್ ಅಂತ ಬರೆಯುತ್ತಾನೆ. ಒಳಗಿರುವುದು 53 ಮಿಲಿಮೋಲಾರ್. ಅರ್ಧ! ಮುಂದೆ ಯಾವಾಗಲೋ ಎನ್ಜೈಮ್ ಪ್ರಯೋಗ ಕೈಕೊಟ್ಟಾಗ ಈ ಬಾಟಲಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇಬ್ಬರದ್ದೂ 7.05. ಹೇಗೆ ಬೇರೆ ಮಾಡುವುದು? ಎಷ್ಟು ಸೋಡಿಯಂ ಹೈಡ್ರಾಕ್ಸೈಡ್ ಹಿಡಿಯಿತು ಅಂತ ಅಳೆದು. ಹುಡುಗಿಯ ಬೀಕರಿನಲ್ಲಿ ಬೇಸ್ 61.3 ಇದೆ, 77.4 ಆಗಬೇಕು. ಉಳಿದ 16 ಮಿಲಿಮೋಲ್ ಆಸಿಡಿನಿಂದಲೇ ಬರಬೇಕು, ಅಂದರೆ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 16 ಮಿಲಿ. ಅವಳು ಇನ್ನೂ ನೀರು ತುಂಬಿಸಿ ಒಂದು ಲೀಟರ್ ಮಾಡಿರಲಿಲ್ಲ, ಅದು ಒಳ್ಳೆಯದಾಯಿತು. "ಬ್ಯುರೆಟ್ ತಗೊಂಡು ಬಾಮ್ಮ" ಅಂದೆ. ಬೀಕರ್ ಕೆಳಗೆ ಸ್ಟರರ್ ತಿರುಗುತ್ತಾ ಇತ್ತು, ಅವಳು ಒಂದೊಂದು ಮಿಲಿ ಬಿಟ್ಟು ಮೀಟರ್ ನಿಲ್ಲುವವರೆಗೆ ಕಾಯುತ್ತಾ ಬರೆದುಕೊಳ್ಳುತ್ತಾ ಹೋದಳು. 16 ದಾಟುತ್ತಿದ್ದಂತೆ 7.40ಕ್ಕೆ ಬಂತು. "ಮ್ಯಾಮ್, ಲೆಕ್ಕದಷ್ಟೇ ಹಿಡೀತು!" ಅಂದಳು. ಇದೇ ಬೇಕಾಗಿದ್ದು. ಆ ಡೋಡೆಕಾಹೈಡ್ರೇಟ್ ಬೀಕರಿನಲ್ಲಿ 9–10 ಮಿಲಿಗೇ 7.4 ಬಂದು ಬಿಡುತ್ತಿತ್ತು. ಅದೂ ಅಲ್ಲದೆ ಟೇಬಲ್ ಪ್ರಕಾರ ತೂಗಿದವನಿಗೆ ಅಷ್ಟೊಂದು ಹಿಡಿಯಲೇಬಾರದು. ಅದೇ ಅವನಿಗೆ ಸೂಚನೆ.

ನಾನು ಎಲ್ಲರಿಗೂ ಹೇಳುವುದು ಒಂದೇ. ಆಸಿಡ್ ಆಗಲಿ ಬೇಸ್ ಆಗಲಿ, ಬಾಟಲಿಯಿಂದ ಸುಮ್ನೆ ಸುರಿಯಬೇಡಿ. ಎಷ್ಟು ಹಿಡಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 8ರ ಆಸುಪಾಸಿಗೆ ಹಾಕುವ ಬಫರ್), ಪಿಎಚ್ 8.0 ಒಂದು ಲೀಟರ್ ಮಾಡುತ್ತಿದ್ದೀರಿ ಅನ್ನಿ. ಟ್ರಿಸ್ ಬೇಸ್ 6.06 ಗ್ರಾಂ. ಪಿಕೆಎ 8.06 ಆದ್ದರಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾಗಕ್ಕೆ ಪ್ರೋಟಾನ್ ಸೇರಬೇಕು, 26.7 ಮಿಲಿಮೋಲ್. ಅಂದರೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ 27 ಮಿಲಿ ಹತ್ತಿರ. ಆಸಿಡ್ ಹಾಕುವ ಮೊದಲೇ ಮೀಟರ್ 8.0ಕ್ಕಿಂತ ಕೆಳಗೆ ತೋರಿಸಿದರೆ ನೀವು ತಗೊಂಡಿದ್ದು ಟ್ರಿಸ್ ಬೇಸ್ ಹೌದಾ, ಟ್ರಿಸ್ ಹೈಡ್ರೋಕ್ಲೋರೈಡಾ ಅಂತ ಲೇಬಲ್ ನೋಡಿ. ಬೇಸಿಗೆ 121.14, ಹೈಡ್ರೋಕ್ಲೋರೈಡಿಗೆ 157.6. 40 ಮಿಲಿ ಹಾಕಿದರೂ ಇಳಿಯದಿದ್ದರೆ ಎಲೆಕ್ಟ್ರೋಡ್ ನೋಡಿ, ತೂಕ ನೋಡಿ, ಆಸಿಡ್ ಯಾರು ಯಾವಾಗ ಮಾಡಿಟ್ಟಿದ್ದು ಅಂತ ನೋಡಿ.

ಆಸಿಡ್ ಜಾಸ್ತಿ ಬಿದ್ದು ಪಿಎಚ್ ಕೆಳಗೆ ಇಳಿದು ಹೋಯಿತು ಅಂತ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ವಾಪಸ್ ಎತ್ತುವುದನ್ನು ನಾನು ಒಪ್ಪುವುದಿಲ್ಲ. ಪಿಎಚ್ ಸರಿಹೋಗುತ್ತದೆ, ಜೊತೆಗೆ ನೀವು ಕೇಳದೇ ಇದ್ದ ಉಪ್ಪೂ ಸೇರಿಕೊಂಡಿರುತ್ತದೆ. ಚಾರ್ಜ್ ನೋಡಿ ಪ್ರೋಟೀನ್ ಹಿಡಿದುಕೊಳ್ಳುವ ಅಯಾನ್ ಎಕ್ಸ್‌ಚೇಂಜ್ ಕಾಲಮ್ಮಿಗೆ ಅದೇ ಬಫರ್ ಹಾಕಿದರೆ ಪ್ರೋಟೀನ್ ಅಂಟಬೇಕಾದ ಕಡೆ ಅಂಟದೆ ಹೋಗಬಹುದು. ಚೆಲ್ಲಿ ಹೊಸದು ಮಾಡಿ. 6 ಗ್ರಾಂ ಟ್ರಿಸ್ ಹೋದರೆ ಹೋಗಲಿ.

ಟ್ರಿಸ್ ಬಗ್ಗೆ ಮೈಸೂರಿನವರು ವಿಶೇಷವಾಗಿ ಗಮನ ಕೊಡಬೇಕಾದ್ದು ಒಂದಿದೆ: ಬಿಸಿ, ಚಳಿ. ಒಂದು ಡಿಗ್ರಿ ಏರಿದರೆ ಟ್ರಿಸ್ಸಿನ ಪಿಕೆಎ 0.028 ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಲ್ಯಾಬು 32 ಡಿಗ್ರಿ ಇರುವಾಗ ನೀವು 8.0ಕ್ಕೆ ಹೊಂದಿಸಿದ ಬಫರ್, 4 ಡಿಗ್ರಿಯ ಕೋಲ್ಡ್ ರೂಮಿಗೆ ಹೋದರೆ 8.8 ಆಗುತ್ತದೆ. ಡಿಸೆಂಬರ್ ಬೆಳಿಗ್ಗೆ 18 ಡಿಗ್ರಿಯಲ್ಲಿ ಹೊಂದಿಸಿದ್ದು ಅದೇ ಕೋಲ್ಡ್ ರೂಮಿನಲ್ಲಿ 8.4. ಅದೇ ಮನುಷ್ಯ, ಅದೇ ಬಾಟಲಿ, ಅದೇ ರೆಸಿಪಿ, 0.4 ವ್ಯತ್ಯಾಸ. ಬೇಸಿಗೆಯಲ್ಲಿ ಬಂದ ಫಲಿತಾಂಶ ಚಳಿಗಾಲದಲ್ಲಿ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಲಿ. ಮೀಟರಿನಲ್ಲಿ ಆಟೊಮ್ಯಾಟಿಕ್ ಟೆಂಪರೇಚರ್ ಕಾಂಪೆನ್ಸೇಶನ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸರಿಮಾಡುವುದು ಎಲೆಕ್ಟ್ರೋಡಿನ ಸ್ಲೋಪ್ ಮಾತ್ರ. ಈಗ, ಈ ಉಷ್ಣಾಂಶದಲ್ಲಿ, ಬೀಕರಿನೊಳಗೆ ಪಿಎಚ್ ಎಷ್ಟಿದೆ ಅಂತ ಸರಿಯಾಗಿ ಹೇಳುತ್ತದೆ. ನಾಳೆ ಕೋಲ್ಡ್ ರೂಮಿನಲ್ಲಿ ಎಷ್ಟಾಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ.

ಬಳಸುವ ಉಷ್ಣಾಂಶದಲ್ಲೇ ಪಿಎಚ್ ಹೊಂದಿಸುವುದು ಒಳ್ಳೆಯದು, ಮೀಟರನ್ನೂ ಅದೇ ತಣ್ಣಗಿನಲ್ಲಿ ಕ್ಯಾಲಿಬ್ರೇಟ್ ಮಾಡಿಕೊಂಡು. ಆಗದಿದ್ದರೆ 0.028 ಲೆಕ್ಕ ಹಾಕಿ ಮೊದಲೇ ಕೆಳಗೆ ಇಡಿ. ಇನ್ನೊಂದು, ಟ್ರಿಸ್ಸಿಗೆ ಕಾನ್ಸಂಟ್ರೇಟೆಡ್ ಆಸಿಡ್ ಹಾಕಿದಾಗ ಬೀಕರ್ ಬೆಚ್ಚಗಾಗುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಆ ಬಿಸಿಯಲ್ಲೇ ಪಿಎಚ್ ಓದಿ ಮುಗಿಸಬೇಡಿ. ಆರಲು ಬಿಟ್ಟು ಕೊನೇ ಹನಿಗಳನ್ನು ಆಮೇಲೆ ಹಾಕಿ. ಫಾಸ್ಫೇಟಿಗೆ ಈ ಕಾಟ ಹತ್ತನೇ ಒಂದು ಭಾಗ, ಅಸಿಟೇಟಿಗೆ ಇಲ್ಲವೇ ಇಲ್ಲ ಅನ್ನಬಹುದು. ಹೆಪೆಸ್ ಅನ್ನುವ ಇನ್ನೊಂದು ಬಫರಿಗೆ ಟ್ರಿಸ್ಸಿನ ಅರ್ಧದಷ್ಟು.

ಹೆಪೆಸ್ ಅಂದಾಗ ವಿಜ್ಞಾನಿ ನಾರ್ಮನ್ ಗುಡ್ ನೆನಪಾಗುತ್ತಾರೆ. 1966ರಲ್ಲಿ ಅವರ ತಂಡ ಜೀವಕೋಶದ ಕೆಲಸಕ್ಕೆ ಒಗ್ಗುವ ಬಫರ್‌ಗಳ ಸಾಲನ್ನೇ ಪ್ರಕಟಿಸಿತು. ಮೆಸ್, ಪೈಪ್ಸ್, ಹೆಪೆಸ್ ಎಲ್ಲ ಅದರಲ್ಲಿ ಬಂದವು. 6 ರಿಂದ 8ರ ನಡುವೆ ಒಳ್ಳೆ ಬಫರ್ ಇಲ್ಲದ ಕೊರತೆ ಅವರಿಂದ ತುಂಬಿತು. ಬೆಲೆ ಜಾಸ್ತಿ, ಕ್ಲಾಸ್ ಪ್ರಾಕ್ಟಿಕಲ್ಸಿಗೆ ನಾವು ತರಿಸುವುದಿಲ್ಲ. ಆದರೆ ಪಿಎಚ್ 7.0ಕ್ಕೆ ಟ್ರಿಸ್ ಹಾಕುವುದಕ್ಕಿಂತ ಫಾಸ್ಫೇಟಾದರೂ ಹಾಕಿ. ಪಿಎಚ್, ಪಿಕೆಎ ಒಂದೇ ಆಗಿದ್ದಾಗ ಬಫರಿನ ತಾಕತ್ತು ಪೂರ್ತಿ ಇರುತ್ತದೆ, ಒಂದು ಯೂನಿಟ್ ದೂರ ಹೋದರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 7.0ರಲ್ಲಿ ಟ್ರಿಸ್ಸಿನ ಬೇಸ್ ರೂಪ ಉಳಿದಿರುವುದು ಬರೀ 8 ಪರ್ಸೆಂಟ್. ಹೆಸರಿಗೆ ಬಫರ್, ಆಸಿಡ್ ಬಂದರೆ ತಡೆಯುವ ಶಕ್ತಿ ಇಲ್ಲ.

ಮೀಟರ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ದಿನಾ 7ರಿಂದ ಶುರು ಮಾಡಿ, ಆಮೇಲೆ ನಿಮ್ಮ ಬಫರ್ ಆಸಿಡ್ ಕಡೆ ಇದ್ದರೆ 4, ಬೇಸ್ ಕಡೆ ಇದ್ದರೆ 9.2 ಸ್ಟ್ಯಾಂಡರ್ಡ್. ಬಳಸಿದ ಸ್ಟ್ಯಾಂಡರ್ಡನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿಟ್ಟು ಮನೆಗೆ ಹೋಗಬೇಡಿ, 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡಿನಲ್ಲಿ ಇಡಿ. ತುದಿಯನ್ನು ಟಿಶ್ಯೂನಿಂದ ಒತ್ತಿ ಉಜ್ಜಬೇಡಿ, ನೀರು ಹೀರಿಕೊಂಡರೆ ಸಾಕು. ಹಾಗೇ, ಡಿಸ್ಟಿಲ್ಡ್ ವಾಟರಿನ ಪಿಎಚ್ ನೋಡಿ 5.8 ಬಂತು, ನೀರು ಕೆಟ್ಟಿದೆ ಅಂತ ಓಡಿ ಬರಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಹಾಗಾಗಿರುತ್ತದೆ. ಬಫರ್ ಹಾಕಿದ ಮೇಲೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬೋರ್‌ವೆಲ್ ನೀರು ಹಾಕುವ ಡಿಸ್ಟಿಲೇಶನ್ ಯೂನಿಟ್ಟಿನಲ್ಲಿ ಬಿಳಿ ಪದರದಂತೆ ಕಟ್ಟಿಕೊಳ್ಳುವ ಸುಣ್ಣವನ್ನು ಮಾತ್ರ ಆಗಾಗ ತೆಗೆಯುತ್ತಿರಿ.

ನೀರಿನ ಅಳತೆಯೂ ಹಾಗೇ. ಲೀಟರ್ ಬಫರಿಗೆ ಪುಡಿಯನ್ನು 800 ಮಿಲಿಯಲ್ಲಿ ಕರಗಿಸಿ, ಪಿಎಚ್ ಹೊಂದಿಸಿ, ಆಮೇಲೆ ಸ್ಟ್ಯಾಂಡರ್ಡ್ ಫ್ಲಾಸ್ಕ್ ಅಥವಾ ಮೆಷರಿಂಗ್ ಸಿಲಿಂಡರಿನಲ್ಲಿ ಒಂದು ಲೀಟರ್ ಮಾಡಿ. ಬೀಕರಿನ ಗೆರೆ ನಂಬಬೇಡಿ, ಅದು ಅಂದಾಜಿಗೆ ಮಾತ್ರ.

ಎರಡು ಬಫರ್‌ಗಳು ಈ ಕ್ರಮಕ್ಕೆ ಸಿಗುವುದಿಲ್ಲ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎಯ ಡೈಸೋಡಿಯಂ ಉಪ್ಪು (ಡೈಹೈಡ್ರೇಟ್) 0.5 ಮೋಲಾರಿಗೆ ಲೀಟರಿಗೆ 186.1 ಗ್ರಾಂ ತೂಗಿ ನೀರಿಗೆ ಹಾಕಿದರೆ ಎಷ್ಟು ಹೊತ್ತು ತಿರುಗಿಸಿದರೂ ಹಾಲಿನಂತೆ ಇರುತ್ತದೆ. ಕರಗಲಿ, ಆಮೇಲೆ ಪಿಎಚ್ ನೋಡೋಣ ಅಂತ ಕೂತರೆ ಸಂಜೆಯಾಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಪೆಲೆಟ್ ಹಾಕುತ್ತಾ ಹೋಗಿ, ಸುಮಾರು 20 ಗ್ರಾಂ ಹಿಡಿಯುತ್ತದೆ, 8.0 ಹತ್ತಿರ ಬರುತ್ತಿದ್ದಂತೆ ಕಣ್ಣೆದುರೇ ತಿಳಿಯಾಗುತ್ತದೆ. ಎರಡನೆಯದು ಪ್ರೋಟೀನ್ ಜೆಲ್ ಓಡಿಸುವ ಟ್ರಿಸ್–ಗ್ಲೈಸೀನ್ ರನ್ನಿಂಗ್ ಬಫರ್: 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸೀನ್, 0.1 ಪರ್ಸೆಂಟ್ ಎಸ್‌ಡಿಎಸ್ (ಪ್ರೋಟೀನಿಗೆ ಅಂಟುವ ಡಿಟರ್ಜೆಂಟ್). ತೂಕ ಸರಿ ಇದ್ದರೆ ಪಿಎಚ್ ತಾನಾಗೇ 8.3 ಬರುತ್ತದೆ. ಇದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಲೇಬಾರದು. ಜೆಲ್ಲಿನಲ್ಲಿ ಕ್ಲೋರೈಡ್ ಮುಂದೆ, ಗ್ಲೈಸೀನ್ ಹಿಂದೆ ಓಡುವ ವ್ಯವಸ್ಥೆಯ ಮೇಲೇ ಬ್ಯಾಂಡುಗಳು ತೆಳ್ಳಗೆ ಬರುವುದು. ಮೇಲಿನ ಟ್ಯಾಂಕಿಗೆ ನೀವು ಕ್ಲೋರೈಡ್ ಸುರಿದರೆ ಅದು ಕೆಡುತ್ತದೆ.

ಬಾಟಲಿ ಲೇಬಲ್ಲಿನ ಮೇಲೆ "ಫಾಸ್ಫೇಟ್ ಬಫರ್ 7.4" ಅಂತ ಬರೆದು ಬಿಡುವುದನ್ನು ನಮ್ಮ ಲ್ಯಾಬಿನಲ್ಲಿ ನಿಲ್ಲಿಸಿದ್ದೇವೆ. ಸೋಡಿಯಮ್ಮಾ ಪೊಟ್ಯಾಶಿಯಮ್ಮಾ, ಎಷ್ಟು ಮೋಲಾರ್, ಯಾವ ಹೈಡ್ರೇಟ್ ಎಷ್ಟು ಗ್ರಾಂ ತೂಗಿದ್ದು, ಯಾವ ಉಷ್ಣಾಂಶದಲ್ಲಿ ಪಿಎಚ್ ಹೊಂದಿಸಿದ್ದು, ಎಷ್ಟು ಮಿಲಿ ಆಸಿಡ್ ಅಥವಾ ಬೇಸ್ ಹಿಡಿಯಿತು, ತಾರೀಖು, ಮಾಡಿದವರ ಹೆಸರು. ಸೋಡಿಯಂ ಅಂತ ಯಾಕೆ ಬರೆಯಬೇಕು ಅಂದರೆ, ಸೋಡಿಯಂ ಫಾಸ್ಫೇಟನ್ನು ಫ್ರೀಜರಿನಲ್ಲಿ ಇಟ್ಟರೆ ಡೈಸೋಡಿಯಂ ಉಪ್ಪು ಮೊದಲು ಹರಳಾಗಿ ಬೇರೆಯಾಗುತ್ತದೆ, ಉಳಿದ ದ್ರವದ ಪಿಎಚ್ ಕುಸಿಯುತ್ತದೆ, ಅದರೊಳಗಿನ ಎನ್ಜೈಮ್ ಸಾಯಬಹುದು. ಪೊಟ್ಯಾಶಿಯಂ ಫಾಸ್ಫೇಟಿನಲ್ಲಿ ಹಾಗೆ ಕುಸಿಯುವುದಿಲ್ಲ.

ಮಳೆಗಾಲದಲ್ಲಿ ಫಾಸ್ಫೇಟ್, ಅಸಿಟೇಟ್ ಬಾಟಲಿಗಳಲ್ಲಿ ಹತ್ತಿಯ ಎಳೆಯಂಥದ್ದು ತೇಲುವುದು ಕಂಡರೆ ಅದು ಫಂಗಸ್. ಸೋಸಿ ಬಳಸೋಣ ಅನ್ನಬೇಡಿ, ಚೆಲ್ಲಿ. 0.02 ಪರ್ಸೆಂಟ್ ಸೋಡಿಯಂ ಅಜೈಡ್ ಹಾಕಿದರೆ ಬೆಳೆಯುವುದಿಲ್ಲ, ಆದರೆ ಅಜೈಡ್ ವಿಷ, ಲೋಹದ ಪೈಪಿರುವ ಸಿಂಕಿಗೆ ಸುರಿಯುವ ಹಾಗಿಲ್ಲ, ಮತ್ತೆ ಅದು ಪೆರಾಕ್ಸಿಡೇಸ್ ಎನ್ಜೈಮನ್ನೂ ತಡೆಯುತ್ತದೆ. ಎಲೈಸಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಣ್ಣ ತರುವುದು ಆ ಎನ್ಜೈಮೇ, ಹಾಗಾಗಿ ಅದಕ್ಕೆ ಇಟ್ಟ ಪಿಬಿಎಸ್‌ಗೆ ಅಜೈಡ್ ಹಾಕಿದರೆ ಬಣ್ಣ ಸರಿಯಾಗಿ ಬರುವುದಿಲ್ಲ. ಅಂಥ ಬಫರ್ ಇನ್ನೂರು ಮಿಲಿ ಬಾಟಲಿಗಳಲ್ಲಿ ಮಾಡಿ, ಆಟೋಕ್ಲೇವ್ ಮಾಡಿ, ಒಂದು ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಅದನ್ನು ಮುಗಿಸಿ ಇನ್ನೊಂದು ತೆರೆಯಿರಿ.